ಮೋಡಣ್ಣನ ನೀಲಿ ವರ್ಷ

ಮದುವೆಗೆ ಫೋಟೋ ತೆಗೆಯಲು ಬರಬೇಕೆಂದು ಯಾರಾದರೂ ಕೇಳಿಕೊಂಡು ಬಂದರೆ ಆ ಸ್ಟುಡಿಯೋದ ಯಜಮಾನ ತಾರೀಖು ಕೇಳುವ ಮೊದಲೇ ಮೆಟ್ಟಿಲಿಳಿದು ಹೋಗಿ ಆಕಾಶ ನೋಡುತ್ತಿದ್ದ. "ಸಂಜೆ ನಾಲ್ಕರೊಳಗೆ ಎಲ್ಲಾ ಮುಗಿಯುತ್ತಾ?" ಎನ್ನುವುದು ಅವನ ಮೊದಲ ಪ್ರಶ್ನೆ. ಮುಗಿಯುವುದಿಲ್ಲ ಎಂದರೆ ಪಕ್ಕದ ಬೀದಿಯಲ್ಲಿದ್ದ ಇನ್ನೊಂದು ಸ್ಟುಡಿಯೋಗೆ ತಾನೇ ದಾರಿ ತೋರಿಸಿ ಕಳಿಸುತ್ತಿದ್ದ. ಬಾಗಿಲಿಗೆ ಬಂದ ಗಿರಾಕಿಯನ್ನು ಹೀಗೆ ಸಾಗಹಾಕುವ ಮನುಷ್ಯನನ್ನು ಊರು ಸುಮ್ಮನೆ ಬಿಟ್ಟೀತೆ? ಮೋಡಣ್ಣ ಎಂದು ಹೆಸರಿಟ್ಟಿತು. ಆ ಹೆಸರು ಎಷ್ಟು ಗಟ್ಟಿಯಾಗಿ ಅಂಟಿಕೊಂಡಿತೆಂದರೆ ಅಂಚೆಯವನು ಕೂಡ ಲಕೋಟೆಯ ಮೇಲಿನ ಹೆಸರನ್ನು ಓದುವ ಗೋಜಿಗೆ ಹೋಗದೆ "ಮೋಡಣ್ಣಾ, ಕಾಗದ" ಎಂದು ಕೂಗುತ್ತಿದ್ದ. ಹೆಂಡತಿ ಮಾತ್ರ ಅದನ್ನು ಸಿಟ್ಟು ಬಂದಾಗ ಬಳಸುವುದಕ್ಕೆಂದು ಎತ್ತಿಟ್ಟುಕೊಂಡಿದ್ದಳು.

ಸಂಜೆಯಾಯಿತೆಂದರೆ ಮೋಡಣ್ಣ ಊರಲ್ಲಿ ಇರುತ್ತಿರಲಿಲ್ಲ. ಊರಿಗೆ ನೀರು ಬಿಡುವ ದೊಡ್ಡ ಟ್ಯಾಂಕಿನವರೆಗೆ ಬಸ್ಸು, ಅಲ್ಲಿಂದ ಮೇಲಕ್ಕೆ ಕಾಲುದಾರಿ. ಗುಡ್ಡದ ನೆತ್ತಿಯಲ್ಲಿ ಒಂದು ಚಪ್ಪಟೆ ಬಂಡೆ. ಅದರ ಮೇಲೆ ಮೂರು ಕಾಲಿನ ಸ್ಟ್ಯಾಂಡ್ ನಿಲ್ಲಿಸಿ, ಕ್ಯಾಮೆರಾ ಕೂರಿಸಿ, ಕಣಿವೆಯ ಆಚೆಗಿರುವ ದೊಡ್ಡ ಬೆಟ್ಟವನ್ನು ನೋಡುತ್ತ ನಿಲ್ಲುತ್ತಿದ್ದ. ಸೂರ್ಯ ಮುಳುಗುವುದು ಅವನ ಬೆನ್ನ ಹಿಂದೆ. ಬೆಳಕು ಬೀಳುವುದು ಎದುರಿನ ಬೆಟ್ಟದ ಮುಖಕ್ಕೆ. "ಮುಳುಗೋ ಸೂರ್ಯನ್ನ ಯಾರು ಬೇಕಾದ್ರೂ ಹಿಡೀತಾರೆ, ಅವನು ಯಾರ ಮುಖ ನೋಡಿ ಮುಳುಗ್ತಾನೆ ಅನ್ನೋದನ್ನ ಹಿಡೀಬೇಕು" ಎನ್ನುವುದು ಅವನ ಮಾತು. ಮೋಡವಿಲ್ಲದ ದಿನ ಅವನಿಗೆ ಬೇಜಾರು. ಮೋಡ ಪೂರ್ತಿ ಮುಚ್ಚಿಕೊಂಡ ದಿನವೂ ಬೇಜಾರು. ಅರ್ಧಂಬರ್ಧ ಹರಿದ ಮೋಡ ಬೇಕು. ಅದರ ಸಂದಿನಿಂದ ಬೆಳಕು ನುಸುಳಿ ಒಂದು ಕೋಡಿನ ಮೇಲೆ ಬಿದ್ದು, ಇನ್ನೊಂದಕ್ಕೆ ದಾಟಿ, ನೋಡನೋಡುತ್ತಿದ್ದಂತೆ ಆರಿಹೋಗಬೇಕು. ಅಂಥ ಸಂಜೆ ತಿಂಗಳಿಗೆ ಒಂದೋ ಎರಡೋ. ಉಳಿದ ದಿನ ಬರಿಗೈಯಲ್ಲಿ ಇಳಿದು ಬರುತ್ತಿದ್ದ. ಬಂದವನ ಹೆಜ್ಜೆಯ ಸದ್ದಿನಿಂದಲೇ ಹೆಂಡತಿಗೆ ಗೊತ್ತಾಗುತ್ತಿತ್ತು, ಇವತ್ತು ಬೆಟ್ಟ ಒಲಿಯಿತೋ ಮುನಿಯಿತೋ ಎಂದು.

ಸ್ಟುಡಿಯೋ ಕೆಳಗೆ, ಮನೆ ಮೇಲೆ, ಅದರ ಮೇಲೆ ತಾರಸಿ. ಅಂಗಡಿಯ ಮುಂಭಾಗದಲ್ಲಿ ಗಾಜಿನ ಕಪಾಟು, ಅದರಲ್ಲಿ ನಗುತ್ತಿರುವ ಮದುಮಕ್ಕಳು, ಬೋಳುತಲೆಯ ಕೂಸುಗಳು, ಈಗ ಬದುಕಿಲ್ಲದ ಒಂದಿಬ್ಬರು ಹಿರಿಯರು. ಒಳಗಿನ ಕೋಣೆಯಲ್ಲಿ ಪಾಸ್‌ಪೋರ್ಟ್ ಫೋಟೋಕ್ಕೆ ಕೂರುವ ಸ್ಟೂಲು, ಗೋಡೆಗೆ ಬಾಚಣಿಗೆ ಸಿಕ್ಕಿಸಿದ ಕನ್ನಡಿ, ಮೂಲೆಯಲ್ಲಿ ಕಂಪ್ಯೂಟರು. ಆ ಕಂಪ್ಯೂಟರು ಹೆಂಡತಿಯ ರಾಜ್ಯ. ರೀಲಿನ ಕಾಲ ಮುಗಿದು ಹೊಸ ಯಂತ್ರಗಳು ಬಂದಾಗ ಮೋಡಣ್ಣ ತಲೆ ಕೆರೆದುಕೊಂಡು ಕೂತಿದ್ದ. ಅವಳು ತಿಂಗಳುಗಟ್ಟಲೆ ಮಧ್ಯಾಹ್ನದ ಹೊತ್ತು ಕ್ಲಾಸಿಗೆ ಹೋಗಿ ಕಲಿತು ಬಂದಳು. ಅಂದಿನಿಂದ ಮುಖದ ಮೊಡವೆ ತೆಗೆಯುವುದು, ಮುಚ್ಚಿದ ಕಣ್ಣನ್ನು ಬೇರೆ ಫೋಟೋದಿಂದ ತಂದು ತೆರೆಸುವುದು, ಜಗಳವಾಡಿ ಹೋದ ಭಾವನನ್ನು ಕುಟುಂಬದ ಫೋಟೋದಿಂದ ಕತ್ತರಿಸುವುದು, ರಾಜಿಯಾದ ಮೇಲೆ ತಿರುಗಿ ಅಂಟಿಸುವುದು, ಎಲ್ಲವೂ ಅವಳ ಕೆಲಸ. ಬೆಟ್ಟದ ಫೋಟೋಗಳನ್ನು ಮಾತ್ರ ಅವಳು ಮುಟ್ಟುವಂತಿರಲಿಲ್ಲ.

"ಕ್ಯಾಮೆರಾಗೆ ಸಂಜೆ ಅಂದ್ರೆ ಏನು ಅಂತ ಗೊತ್ತಿಲ್ಲ, ಅದು ಎಲ್ಲಾನೂ ಅರೆಜೀವ ಮಾಡಿ ತಂದು ಕೊಡುತ್ತೆ. ಅಲ್ಲಿ ನಿಂತು ನೋಡ್ದೋನೇ ಕೂತು ಜೀವ ತುಂಬಬೇಕು" ಎಂದು ಹೇಳಿ ಮೋಡಣ್ಣ ಆ ಕೆಲಸಕ್ಕೆ ತಾನೇ ಕೂರುತ್ತಿದ್ದ. ಯಾವ ಗುಂಡಿ ಒತ್ತಬೇಕೆಂದು ಅವಳು ಪಕ್ಕದಲ್ಲಿ ನಿಂತು ತೋರಿಸಿಕೊಟ್ಟಿದ್ದಳು. ಬಣ್ಣ ಎಷ್ಟು ಎನ್ನುವುದು ಅವನದು.

ಹೀಗೆ ವರ್ಷಗಳು ಕಳೆದವು. ಬೆಟ್ಟದ ಚಿತ್ರಗಳು ಲಾಡ್ಜಿನ ಹಜಾರಕ್ಕೆ ಹೋದವು, ದಂತವೈದ್ಯರ ಕೋಣೆಗೆ ಹೋದವು. ಊರಿನ ಅಂಗಡಿಗಳಿಗೆಲ್ಲ ಕ್ಯಾಲೆಂಡರ್ ಅಚ್ಚುಹಾಕಿ ಕೊಡುವ ಪ್ರೆಸ್ಸಿನವನು ಪ್ರತಿ ವರ್ಷ ಬಂದು ಹನ್ನೆರಡು ತಿಂಗಳಿಗೆ ಹನ್ನೆರಡು ಬೆಟ್ಟ ಕೇಳಿ ತೆಗೆದುಕೊಂಡು ಹೋಗುತ್ತಿದ್ದ. ಒಂದೇ ಬೆಟ್ಟ, ಹನ್ನೆರಡು ಸಂಜೆ. ಯಾರೂ ಬೇಸರಪಟ್ಟುಕೊಳ್ಳಲಿಲ್ಲ.

ಮಗಳು ಮದುವೆಯಾಗಿ ಹೋದ ವರ್ಷದಿಂದ ಮೋಡಣ್ಣ ಆಕಾಶವನ್ನು ಬೈಯಲು ಶುರುಮಾಡಿದ.

"ಈಗಿನ ಸಂಜೆಗಳಲ್ಲಿ ಜೀವ ಇಲ್ಲ ಕಣೇ. ಎಲ್ಲಾ ಕಂದು ಕಂದು. ಲಾರಿ ಹೊಗೆ, ಧೂಳು. ಆಕಾಶಾನೇ ಹಾಳು ಮಾಡಿಬಿಟ್ರು."

ಹೆಂಡತಿ ಹೌದೆಂದಳು. ಧೂಳು ಹೆಚ್ಚಾಗಿದ್ದು ನಿಜ. ಆದರೆ ಒಂದು ದಿನ ಅವನು ಬೆಟ್ಟದ ಚಿತ್ರಕ್ಕೆ ಬಣ್ಣ ಕೂರಿಸಿ ಎದ್ದುಹೋದ ಮೇಲೆ ಅವಳು ಯಾರದೋ ಪಾಸ್‌ಪೋರ್ಟ್ ಫೋಟೋ ಮಾಡಲು ಕೂತಳು. ಪರದೆಯ ಮೇಲೆ ಬೆಟ್ಟ ಹಾಗೇ ಇತ್ತು. ಬೆಟ್ಟವಲ್ಲ, ಶಾಯಿ ಬಾಟಲಿ ಉರುಳಿಬಿದ್ದಂತಿತ್ತು. ಬಂಡೆ ನೀಲಿ, ಹುಲ್ಲು ನೀಲಿ, ಬಿಸಿಲು ಬಿದ್ದ ಕೋಡು ಕೂಡ ಒಂಥರಾ ಬಾಡಿದ ನೇರಳೆ. ಕೈತಪ್ಪಿ ಏನೋ ಒತ್ತಿರಬೇಕು ಎಂದುಕೊಂಡಳು. ಮುಂದಿನ ವಾರದ ಚಿತ್ರವೂ ಹಾಗೇ ಇತ್ತು.

"ಏನ್ರೀ, ನೀಲಿ ಸ್ವಲ್ಪ ಜಾಸ್ತಿ ಆಯ್ತಲ್ವಾ?" ಎಂದು ಊಟದ ಹೊತ್ತಿನಲ್ಲಿ ಮೆಲ್ಲಗೆ ಕೇಳಿದಳು.

ಮೋಡಣ್ಣ ತುತ್ತು ಕೈಯಲ್ಲೇ ಹಿಡಿದು ಅವಳನ್ನು ನೋಡಿದ. "ನೀನು ಒಂದಿನಾನಾದ್ರೂ ಅಲ್ಲಿಗೆ ಬಂದು ನೋಡಿದ್ದೀಯಾ?"

ಇಲ್ಲ, ಅವಳು ಹೋಗಿರಲಿಲ್ಲ. ಅಂಗಡಿ ನೋಡುವವರು ಯಾರು?

"ಮತ್ತೆ?" ಎಂದು ತುತ್ತು ಬಾಯಿಗಿಟ್ಟುಕೊಂಡ. ಅಲ್ಲಿಗೆ ಆ ಮಾತು ಮುಗಿಯಿತು.

ಅವಳಿಗೆ ಮಾತ್ರ ಮುಗಿಯಲಿಲ್ಲ. ಅಂದಿನಿಂದ ಅವನನ್ನೇ ಗಮನಿಸತೊಡಗಿದಳು. ಎದುರಿನಿಂದ ಬರುವ ಗಾಡಿಯ ದೀಪಕ್ಕೆ ಅವನು ಮುಖ ಕಿವುಚುತ್ತಿದ್ದ. ಅಂಗಡಿಯ ಬಲ್ಬು ಮಂಕಾಗಿದೆಯೆಂದು ತಿಂಗಳಿಗೊಂದು ಹೊಸದು ತರುತ್ತಿದ್ದ. ಲೆನ್ಸನ್ನು ಒರೆಸಿದ್ದೇ ಒರೆಸಿದ್ದು. ಅವಳಿಗೆ ಅರ್ಥವಾಯಿತು. ಪೊರೆ ಬಂದಿರುವುದು ಆಕಾಶಕ್ಕಲ್ಲ. ಕಣ್ಣಿಗೆ ಕಂದಾಗಿ ಕಂಡದ್ದನ್ನೆಲ್ಲ ಅವನು ನೀಲಿ ಸುರಿದು ಸರಿಮಾಡುತ್ತಿದ್ದ. ಒಂದು ದಿನ ಧೈರ್ಯ ಮಾಡಿ, ಕಣ್ಣಿನ ಡಾಕ್ಟರಿಗೆ ತೋರಿಸೋಣವೇ ಎಂದು ಕೇಳಿದಳು. ಮೋಡಣ್ಣನ ಮುಖ ಬಿಳಿಚಿಕೊಂಡಿತು. ಅವನ ತಾಯಿ ಕಣ್ಣಿನ ಆಪರೇಷನ್ ಮಾಡಿಸಿಕೊಂಡು ಮನೆಗೆ ಬಂದ ಮೇಲೆ ಕೀವು ತುಂಬಿ, ಇದ್ದಷ್ಟು ದೃಷ್ಟಿಯನ್ನೂ ಕಳೆದುಕೊಂಡು, ಗೋಡೆ ತಡವರಿಸುತ್ತ ಉಳಿದ ಬದುಕು ಸವೆಸಿದವಳು. ಹುಡುಗನಾಗಿದ್ದಾಗ ಅವಳ ಕೈಹಿಡಿದು ಬಚ್ಚಲಿಗೆ ಕರೆದೊಯ್ಯುತ್ತಿದ್ದವನು ಅವನೇ.

"ನನ್ನ ಕಣ್ಣಿಗೆ ಏನೂ ಆಗಿಲ್ಲ. ಇನ್ನೊಂದು ಸಲ ಆ ಮಾತು ಎತ್ತಬೇಡ" ಎಂದ. ದನಿ ಏರಿರಲಿಲ್ಲ. ಸಿಟ್ಟಾಗಿದ್ದರೆ ಅವಳೂ ಜಗಳ ಆಡುತ್ತಿದ್ದಳು. ಅವನು ಹೆದರಿದ್ದ. ಹೆದರಿದವನ ಜೊತೆ ಏನು ಜಗಳ?

ಆಗ ಅವಳು ಯಾರಿಗೂ ಹೇಳದೆ ಒಂದು ಕೆಲಸ ಶುರುಮಾಡಿದಳು. ಮೋಡಣ್ಣ ಗುಡ್ಡ ಹತ್ತಿದ ಸಂಜೆಗಳಲ್ಲಿ, ಸೂರ್ಯ ಇಳಿಯುವ ಹೊತ್ತಿಗೆ, ಅಂಗಡಿಯ ಬಾಗಿಲು ಅರ್ಧ ಎಳೆದು, ಒಣಗಿದ ಬಟ್ಟೆ ತರುವ ನೆಪದಲ್ಲಿ ತಾರಸಿಗೆ ಹೋಗುತ್ತಿದ್ದಳು. ಅಲ್ಲಿಂದ ಬೆಟ್ಟದ ಒಂದು ಮಗ್ಗುಲು ಕಾಣುತ್ತಿತ್ತು. ಕೋಡು ಯಾವ ಕೆಂಪು, ಕೆಳಗಿನ ನೆರಳು ಎಷ್ಟು ಕಪ್ಪು, ಮೋಡದ ಅಂಚಿನ ಹಳದಿ ಎಂಥದು ಎಂದು ನೋಡುತ್ತಿದ್ದಳು. ಹೆಸರಿಲ್ಲದ ಬಣ್ಣಗಳನ್ನು ನೆನಪಿಡುವುದು ಕಷ್ಟ. ಹಾಗಾಗಿ ಮನೆಯಲ್ಲಿನ ವಸ್ತುಗಳಿಗೆ ಹೋಲಿಸಿಕೊಳ್ಳುತ್ತಿದ್ದಳು: ಇದು ನನ್ನ ಹಳೆಯ ಶಾಲಿನ ಕೆಂಪು, ಇದು ಒಲೆಯಲ್ಲಿ ಆರುತ್ತಿರುವ ಕೆಂಡ, ಇದು ತಾಮ್ರದ ಚೊಂಬಿನ ತಳ. ಮೋಡಣ್ಣ ಮನೆಗೆ ಬಂದು, ಬಣ್ಣ ಕೂರಿಸಿ, ತೃಪ್ತಿಯಿಂದ ಎದ್ದುಹೋದ ಮೇಲೆ, ಅವಳು ಅದೇ ಚಿತ್ರಕ್ಕೆ ಕೂತು ನೀಲಿಯನ್ನೆಲ್ಲ ಇಳಿಸಿ, ತಾರಸಿಯಲ್ಲಿ ಕಂಡದ್ದನ್ನು ತುಂಬುತ್ತಿದ್ದಳು. ಗಿರಾಕಿಗೆ ಹೋಗುತ್ತಿದ್ದದ್ದು ಅದು. ಪ್ರೆಸ್ಸಿಗೆ ಹೋಗುತ್ತಿದ್ದದ್ದೂ ಅದೇ.

ಎದುರು ಮನೆಯ ದರ್ಜಿಯ ಹೆಂಡತಿ ಇದನ್ನು ನೋಡಿ, "ಸಂಜೆ ಆದ್ರೆ ಸಾಕು ಬೆಟ್ಟ ನೋಡ್ತಾ ನಿಂತಿರ್ತೀರಲ್ಲ ಅಕ್ಕಾ, ಈ ವಯಸ್ಸಲ್ಲೂ ಗಂಡನ ಮೇಲೆ ಇಷ್ಟು ಪ್ರೀತೀನಾ?" ಎಂದು ಛೇಡಿಸುತ್ತಿದ್ದಳು. ಇವಳು ನಗುತ್ತಿದ್ದಳು. ನಕ್ಕು, ಬಟ್ಟೆ ಹೊತ್ತುಕೊಂಡು ಒಳಗೆ ಬಂದುಬಿಡುತ್ತಿದ್ದಳು.

ಮೋಡಣ್ಣನಿಗೆ ಅನುಮಾನ ಬರಲಿಲ್ಲವೇ? ಅಚ್ಚಾಗಿ ಬಂದ ಚಿತ್ರಗಳು ಅವನ ಕಣ್ಣಿಗೆ ಸಪ್ಪೆಯಾಗಿ, ಹಳದಿ ತಿರುಗಿ ಕಾಣುತ್ತಿದ್ದವು. ಅದಕ್ಕೂ ಅವನ ಬಳಿ ಉತ್ತರವಿತ್ತು. "ಪ್ರೆಸ್ಸಿನವನು ಶಾಯಿ ಉಳಿಸ್ತಾನೆ, ಜುಗ್ಗ" ಎನ್ನುತ್ತಿದ್ದ. ಪಾಪದ ಪ್ರೆಸ್ಸಿನವನು ಬಾಯಿ ತೆರೆಯದೆ ವರ್ಷಗಟ್ಟಲೆ ಈ ಬೈಗುಳ ತಿಂದ.

ಹೀಗೇ ನಡೆದುಕೊಂಡು ಹೋಗುತ್ತಿತ್ತೇನೋ. ಆದರೆ ಮಗಳು ಬಸುರಿಯಾದಳು. ಹೆರಿಗೆ ಕಷ್ಟದ್ದು ಎಂದು ಡಾಕ್ಟರು ಮೊದಲೇ ಹೇಳಿದ್ದರಿಂದ ತಾಯಿ ಹೋಗಲೇಬೇಕಾಯಿತು. ಅಡುಗೆ, ಅಂಗಡಿ, ಮಾತ್ರೆ ಎಲ್ಲವನ್ನೂ ಗಂಡನಿಗೆ ಹತ್ತು ಸಲ ಹೇಳಿ ಹೋದಳು. ಹೇಳದೆ ಉಳಿದದ್ದು ಒಂದೇ. ಅದನ್ನು ಹೇಗೆ ಹೇಳುವುದು? ಬೇಗ ಬಂದುಬಿಡುತ್ತೇನೆ ಎಂದುಕೊಂಡಿದ್ದಳು. ಮಗು ಸುಖವಾಗಿ ಹುಟ್ಟಿತು, ಆದರೆ ಮಗಳಿಗೆ ಜ್ವರ ಬಿಡಲಿಲ್ಲ. ವಾರಗಳು ತಿಂಗಳಾದವು, ತಿಂಗಳು ಎರಡಾದವು. ಕ್ಯಾಲೆಂಡರಿನ ಕಾಲ ಬಂದುಬಿಟ್ಟಿತು.

ಪ್ರೆಸ್ಸಿನವನು ಎಂದಿನಂತೆ ಬಂದ. ಮೋಡಣ್ಣ ತಾನು ಬಣ್ಣ ಕೂರಿಸಿದ ಹನ್ನೆರಡು ಚಿತ್ರಗಳನ್ನು ತಾನೇ ಪೆನ್‌ಡ್ರೈವಿಗೆ ತುಂಬಿಸಿಕೊಟ್ಟ. ಮಾರನೆಯ ದಿನ ಪ್ರೆಸ್ಸಿನಿಂದ ಫೋನು.

"ಅಣ್ಣಾ, ಈ ಸಲದ್ದು ಸ್ವಲ್ಪ ಬೇರೆ ಥರ ಇದ್ದಂಗಿದೆ."

"ಬೇರೆ ಅಲ್ಲಪ್ಪಾ, ಈ ಸಲಾನೇ ಸರಿಯಾಗಿರೋದು. ಕೊಟ್ಟಿದ್ದನ್ನ ಕೊಟ್ಟ ಹಾಗೆ ಹಾಕು. ಶಾಯಿ ಉಳಿಸ್ಬೇಡ."

ದೊಡ್ಡವರು ಹೇಳಿದ ಮೇಲೆ ಎದುರಾಡುವುದೇಕೆ ಎಂದು ಅವನು ಹಾಗೆಯೇ ಅಚ್ಚುಹಾಕಿದ.

ಅವಳು ಊರಿಗೆ ಮರಳಿ ಬಂದು ಬಸ್ಸಿಳಿದಾಗ ಮೊದಲು ಕಂಡದ್ದು ಹಣ್ಣಿನಂಗಡಿಯ ಕಂಬಕ್ಕೆ ನೇತುಹಾಕಿದ್ದ ಹೊಸ ಕ್ಯಾಲೆಂಡರು. ಅದರಲ್ಲಿ ಬೆಟ್ಟ ನೀಲಿಯಾಗಿತ್ತು. ಮನೆಗೆ ಬಂದರೆ ಮೇಜಿನ ಮೇಲೆ ಒಂದು ಕಟ್ಟು. ಮೋಡಣ್ಣ ಹೆಂಡತಿಯ ಚೀಲವನ್ನು ಕೆಳಗಿಡಲೂ ಬಿಡದೆ ಒಂದನ್ನು ಬಿಚ್ಚಿ ಹಿಡಿದ. ಅಷ್ಟು ಸಂತೋಷವಾಗಿ ಅವನು ಇದ್ದದ್ದನ್ನು ಅವಳು ಎಷ್ಟೋ ಕಾಲದಿಂದ ನೋಡಿರಲಿಲ್ಲ.

"ನೋಡು. ನಾನು ಚಿಕ್ಕೋನಿದ್ದಾಗ ನೋಡ್ತಿದ್ದ ಬೆಟ್ಟ ಇದೇ. ಇಷ್ಟು ವರ್ಷ ಆದ್ಮೇಲೆ ಪ್ರೆಸ್ಸಿನೋನು ಒಂದು ಸಲ ಸರಿಯಾಗಿ ಮಾಡಿಕೊಟ್ಟ. ಹೇಗಿದೆ?"

ಸತ್ಯ ನಾಲಿಗೆಯ ತುದಿಗೆ ಬಂದಿತ್ತು. "ಚೆನ್ನಾಗಿದೆ" ಎಂದಳು.

ಆಮೇಲಿನ ದಿನಗಳು ಅವಳಿಗೆ ಮುಳ್ಳಿನ ಮೇಲೆ ನಡೆದಂತೆ. ಕ್ಯಾಲೆಂಡರೆಂದರೆ ಒಂದು ದಿನ ಓದಿ ಎಸೆಯುವ ಪತ್ರಿಕೆಯಲ್ಲ. ಗೋಡೆ ಹಿಡಿದರೆ ವರ್ಷಪೂರ್ತಿ ಇಳಿಯುವುದಿಲ್ಲ. ಔಷಧಿ ಅಂಗಡಿಯಲ್ಲಿ ನೀಲಿ ಬೆಟ್ಟ, ಹಿಟ್ಟಿನ ಗಿರಣಿಯಲ್ಲಿ ನೀಲಿ ಬೆಟ್ಟ, ಬ್ಯಾಂಕಿನಲ್ಲಿ, ಶಾಲೆಯ ಕೋಣೆಯಲ್ಲಿ, ಚಪ್ಪಲಿ ಹೊಲಿಯುವವನ ಡಬ್ಬದ ಮೇಲೆ. ತಿಂಗಳು ತಿರುಗಿದರೆ ಇನ್ನೊಂದು ನೀಲಿ ಬೆಟ್ಟ. ಕ್ಷೌರದಂಗಡಿಯವನು ಮೋಡಣ್ಣನ ಕುತ್ತಿಗೆಗೆ ಬಟ್ಟೆ ಸುತ್ತುತ್ತ, "ಏನು ಮೋಡಣ್ಣಾ, ಈ ಸಲ ಬೆಟ್ಟಾನ ನೀಲಿ ಹಾಕಿ ಒಗೆದು ಒಣಗಿಸಿದ್ರಾ?" ಎಂದನಂತೆ. ಮೋಡಣ್ಣ ಅದನ್ನು ಮನೆಗೆ ಬಂದು ಹೆಂಡತಿಗೆ ಹೇಳಿ ನಕ್ಕ. ಅಷ್ಟು ಶುಭ್ರವಾಗಿದೆ ಎಂದು ಹೊಗಳಿದ್ದಾನೆಂದು ಅವನ ತಿಳುವಳಿಕೆ. ಅವಳು ಒಲೆಯ ಕಡೆ ಮುಖ ತಿರುಗಿಸಿಕೊಂಡಳು. ಲಾಡ್ಜಿನವರು ಕೇಳಿದ್ದ ಹೊಸ ಚಿತ್ರ ಬೇಡವೆಂದು ಹೇಳಿ ಕಳಿಸಿದರು. ಅದನ್ನೂ ಅವಳೇ ನುಂಗಿಕೊಂಡಳು.

ಆ ಹೊತ್ತಿಗೆ ಮಗಳು ಕೂಸನ್ನು ಕರೆದುಕೊಂಡು ಬಂದಳು. ಮೋಡಣ್ಣ ಮೊಮ್ಮಗಳನ್ನು ಹಾಸಿಗೆಯ ಮೇಲೆ ಮಲಗಿಸಿ, ಸುತ್ತ ದಿಂಬಿಟ್ಟು, ಬಗ್ಗಿ, ಎದ್ದು, ಮಲಗಿ, ಹತ್ತಾರು ಫೋಟೋ ತೆಗೆದ. ಪರದೆಯಲ್ಲಿ ನೋಡಿದರೆ ಒಂದರಲ್ಲೂ ಮಗುವಿನ ಮುಖ ಸ್ಪಷ್ಟವಿರಲಿಲ್ಲ. ಹಿಂದಿನ ದಿಂಬಿನ ಹೊಲಿಗೆ ಒಂದೊಂದು ದಾರವೂ ಎಣಿಸುವಂತೆ ಬಂದಿತ್ತು.

ಮಗಳು ತಾಯಿಯಂತಲ್ಲ. "ಅಪ್ಪಾ, ಇಲ್ಲಿ ಬನ್ನಿ. ಇವಳ ಹುಬ್ಬಿನ ಹತ್ರ ಒಂದು ಮಚ್ಚೆ ಇದೆ. ಯಾವ ಹುಬ್ಬು ಹೇಳಿ" ಎಂದಳು.

ಮೋಡಣ್ಣ ಮಗುವನ್ನು ಬೆಳಕಿಗೆ ಎತ್ತಿ ಹಿಡಿದ. ಹತ್ತಿರ ತಂದ. ದೂರ ಹಿಡಿದ. ಮಗು ತಾತನ ಮೂಗು ಹಿಡಿಯಲು ಕೈಚಾಚಿತು. ಅವನು ಕೂಸನ್ನು ಮಗಳ ಮಡಿಲಿಗೆ ಕೊಟ್ಟು, "ಕಾಣಿಸ್ತಾ ಇಲ್ಲಮ್ಮಾ" ಎಂದ.

ಹೀಗೆ ಆಪರೇಷನ್ನಿಗೆ ಒಪ್ಪಿದ. ಮೊದಲು ಬಲಗಣ್ಣು, ಕೆಲವು ತಿಂಗಳ ನಂತರ ಎಡಗಣ್ಣು ಎಂದು ಡಾಕ್ಟರು ಹೇಳಿದರು.  ಒಳಗೆ ಹೋದದ್ದೂ ಬಂದದ್ದೂ ಗೊತ್ತಾಗದಷ್ಟು ಬೇಗ ಮುಗಿಯಿತು. ಮಾರನೆಯ ಬೆಳಿಗ್ಗೆ ನರ್ಸಮ್ಮ ಬಂದು ಪಟ್ಟಿ ಬಿಚ್ಚಿದಳು. ಹೆಂಡತಿ ಕಾಲಬದಿಯಲ್ಲಿ ಫ್ಲಾಸ್ಕ್ ಹಿಡಿದು ನಿಂತಿದ್ದಳು.

ಮೋಡಣ್ಣ ಕಣ್ಣು ಪಿಳುಕಿಸಿದ. "ಅಬ್ಬಾ, ಈ ಗೋಡೆ ಇಷ್ಟು ಬೆಳ್ಳಗಿದೆಯಾ" ಎಂದ ಮೆಲ್ಲಗೆ. ಹೆಂಡತಿಯನ್ನು ನೋಡಿದ. "ನಿನಗೆ ಇಷ್ಟೊಂದು ನರೆ ಯಾವಾಗ ಬಂತೇ?"

ಅವಳಿಗೆ ನಗು ಬಂತು. ನರ್ಸಮ್ಮನೂ ನಕ್ಕಳು. ಆ ನಗು ಮುಗಿಯುವುದರೊಳಗೆ ಅವನ ದೃಷ್ಟಿ ಅವರಿಬ್ಬರ ನಡುವಿನಿಂದ ಹಿಂದಿನ ಗೋಡೆಗೆ ಹೋಗಿತ್ತು.

"ಅದು ಯಾರು ತೆಗೆದಿದ್ದು?"

ನರ್ಸಮ್ಮ ತಿರುಗಿ ನೋಡಿದಳು. "ಕ್ಯಾಲೆಂಡರಾ? ಔಷಧಿ ಅಂಗಡಿಯೋರು ಕೊಟ್ಟಿದ್ದು." ಹತ್ತಿರ ಹೋಗಿ ಕೆಳಗಿನ ಸಣ್ಣಕ್ಷರ ಓದಿದಳು. "ನಿಮ್ಮ ಸ್ಟುಡಿಯೋ ಹೆಸರೇ ಇದೆಯಲ್ಲಾ. ನೀವೇ ತೆಗೆದಿದ್ದಲ್ವಾ?"

ಮೋಡಣ್ಣ ಬಲಗಣ್ಣನ್ನು ಅಂಗೈಯಿಂದ ಮುಟ್ಟದಂತೆ ಮರೆಮಾಡಿ ಎಡಗಣ್ಣಿಂದ ಕ್ಯಾಲೆಂಡರ್ ನೋಡಿದ. ಆಮೇಲೆ ಎಡಗಣ್ಣನ್ನು ಮರೆಮಾಡಿ ಬಲಗಣ್ಣಿಂದ ನೋಡಿದ. ಮತ್ತೆ ಎಡಗಣ್ಣು. ಮತ್ತೆ ಬಲಗಣ್ಣು. ಕೈ ಬದಲಾಯಿಸುತ್ತಲೇ ಇದ್ದ. ನರ್ಸಮ್ಮ, ಹಾಗೆಲ್ಲ ಕೈ ತರಬಾರದು ಎಂದು ಗದರಿದಳು. ಹೆಂಡತಿ ಫ್ಲಾಸ್ಕನ್ನು ಎದೆಗವುಚಿಕೊಂಡು ನೆಲ ನೋಡುತ್ತಿದ್ದಳು.

ಮನೆಗೆ ಬರುವ ದಾರಿಯಲ್ಲಿ ಆಟೋ ನಿಂತಲ್ಲೆಲ್ಲ ಒಂದಲ್ಲ ಒಂದು ಅಂಗಡಿ, ಅಂಗಡಿಯೊಳಗೆ ಬೆಟ್ಟ. ಕಪ್ಪು ಕನ್ನಡಕದ ಹಿಂದೆ ಅವನ ಕಣ್ಣು ಎಲ್ಲಿತ್ತೋ ಅವಳಿಗೆ ಕಾಣಲಿಲ್ಲ. ಕ್ಷೌರದಂಗಡಿಯ ಮುಂದೆ ಮಾತ್ರ, "ಒಗೆದು ಒಣಗಿಸಿದ್ರಾ ಅಂದ" ಎಂದು ತನ್ನಷ್ಟಕ್ಕೆ ಹೇಳಿಕೊಂಡ.

ಒಂದು ವಾರ ಮಂಚದ ಮೇಲೆ ಗೋಡೆಗೆ ಮುಖಮಾಡಿ ಮಲಗಿದ್ದ. ಆಮೇಲೆ ಒಂದು ಮಧ್ಯಾಹ್ನ ಅಟ್ಟದಿಂದ ಹಳೆಯ ವರ್ಷಗಳ ಕ್ಯಾಲೆಂಡರುಗಳನ್ನು ತಾನೇ ಇಳಿಸಿ, ಧೂಳು ಕೊಡವಿ, ಒಂದೊಂದಾಗಿ ನೆಲದ ಮೇಲೆ ಹಾಸಿದ. ಅವಳು ಒಗೆದ ಬಟ್ಟೆ ಹಿಡಿದು ಬಾಗಿಲಲ್ಲೇ ನಿಂತಳು.

"ಇವೆಲ್ಲಾ ಸರಿಯಾಗಿವೆ. ಆಗಲೂ ನನ್ನ ಕಣ್ಣು ಹಾಳಾಗೇ ಇತ್ತಲ್ಲಾ?"

"ಇತ್ತು."

"ಮತ್ತೆ?"

ಅವಳು ಬಟ್ಟೆಯನ್ನು ಕೆಳಗಿಟ್ಟು ಅವನ ಎದುರಿಗೆ ಕೂತಳು. ಹೇಳಿದಳು. ತಾರಸಿ, ಶಾಲಿನ ಕೆಂಪು, ಚೊಂಬಿನ ತಳ, ಅವನು ಎದ್ದುಹೋದ ಮೇಲೆ ಕೂರುತ್ತಿದ್ದದ್ದು, ಎಲ್ಲವನ್ನೂ. ತನ್ನನ್ನು ಸಮರ್ಥಿಸಿಕೊಳ್ಳಲೂ ಹೋಗಲಿಲ್ಲ, ಅಳಲೂ ಇಲ್ಲ. ಅವನು ಬೈದರೆ ಕೇಳಿಸಿಕೊಳ್ಳಲು ತಯಾರಾಗಿದ್ದಳು. ಅವನು ಬೈಯಲಿಲ್ಲ. ಹಾಸಿದ ಬೆಟ್ಟಗಳನ್ನು ಒಂದೊಂದಾಗಿ ನೋಡಿದ.

"ಈ ವರ್ಷದ್ದು ಊರೆಲ್ಲಾ ನಗೋ ಹಾಗಾಯ್ತು. ಅದು ನಂದು. ನಾಚಿಕೆ ಆದ್ರೂ ನಂದೇ. ಇವು ಚೆನ್ನಾಗಿವೆ. ಇವು ನನ್ನವಲ್ಲ."

"ನೀವು ಅಲ್ಲಿ ನಿಂತು ತೆಗೆದಿದ್ದು ಕಣ್ರೀ. ನಾನು ಬರೀ ಬಣ್ಣ..."

"ಬಣ್ಣ ಬಿಟ್ರೆ ಇನ್ನೇನಿದೆ ಅದರಲ್ಲಿ? ಬೆಟ್ಟ ಎಲ್ರಿಗೂ ಕಾಣುತ್ತೆ."

"ಕ್ಯಾಮೆರಾ ಕೊಟ್ಟ ಮೂಲ ಚಿತ್ರಗಳನ್ನ ಮುಟ್ಟದೆ ಹಾಗೇ ಇಟ್ಟಿದ್ದೀನಿ. ನಿಮ್ಮ ಕಣ್ಣು ಸರಿಹೋಯ್ತಲ್ಲಾ, ಎಲ್ಲಾನೂ ಮೊದಲಿಂದ ಮಾಡೋಣ."

ಮೋಡಣ್ಣ ತಲೆಯಾಡಿಸಿದ. "ಯಾವುದನ್ನ ನೋಡಿ ಮಾಡ್ಲಿ? ಆ ಸಂಜೆಗಳು ಹೇಗಿದ್ವು ಅಂತ ನನಗೆ ಗೊತ್ತಿಲ್ಲ. ನಾನು ನೋಡೇ ಇಲ್ಲ." ಕ್ಯಾಲೆಂಡರುಗಳನ್ನು ಸುತ್ತಿ, ದಾರ ಕಟ್ಟಿ, ಮತ್ತೆ ಅಟ್ಟಕ್ಕೆ ಹಾಕಿದ.

ಆಮೇಲೆ ಅವನು ಗುಡ್ಡಕ್ಕೆ ಹೋಗಲಿಲ್ಲ. ಮದುವೆಗೆ ಕರೆದರೆ ಆಕಾಶ ನೋಡದೆ ಒಪ್ಪಿಕೊಂಡ. ಎಷ್ಟು ಹೊತ್ತಾದರೂ ಇದ್ದು ಬಂದ. ಅವಳಿಗೆ ಸಂಜೆ ಮನೆಯಲ್ಲೇ ಇರುವ ಗಂಡನನ್ನು ಏನು ಮಾಡಬೇಕೆಂದು ತಿಳಿಯುತ್ತಿರಲಿಲ್ಲ. ಹೊಸ ಕಣ್ಣಿಂದ ಅವನು ಗೋಡೆಯ ಬಿರುಕುಗಳನ್ನು ನೋಡುತ್ತ ಕೂತಿರುತ್ತಿದ್ದ. ಎಡಗಣ್ಣಿನ ಆಪರೇಷನ್ನಿಗೆ ಡಾಕ್ಟರು ಕರೆದಾಗ, "ಒಂದು ಕಣ್ಣು ತೋರಿಸಿದ್ದೇ ಸಾಕು, ಆಮೇಲೆ ನೋಡೋಣ" ಎಂದುಬಿಟ್ಟ.

ಮಳೆಗಾಲ ಮುಗಿಯುತ್ತಿದ್ದಾಗ ಒಂದು ದಿನ ಆಕಾಶದಲ್ಲಿ ಹರಿದ ಮೋಡ ತೇಲುತ್ತಿತ್ತು. ಅವಳು ಅಂಗಡಿಯ ಬಾಗಿಲನ್ನು ಪೂರ್ತಿ ಎಳೆದು ಬೀಗ ಹಾಕಿದಳು. ಕ್ಯಾಮೆರಾ ಚೀಲವನ್ನು ತಾನೇ ಹೆಗಲಿಗೆ ಹಾಕಿಕೊಂಡು ಬಂದಳು.

"ಏಳಿ. ನಾನು ಬಂದು ನೋಡಿಲ್ಲ ಅಂದಿದ್ರಲ್ಲಾ. ಇವತ್ತು ತೋರ್ಸಿ."

ಅವನು ಬೇಡವೆನ್ನಲು ಬಾಯಿ ತೆರೆದು, ಅವಳ ಮುಖ ನೋಡಿ ಸುಮ್ಮನೆ ಚಪ್ಪಲಿ ಮೆಟ್ಟಿದ. ಟ್ಯಾಂಕಿನ ಬಳಿ ಬಸ್ಸಿಳಿದು ಹತ್ತತೊಡಗಿದರು. ಅವಳ ಮಂಡಿ ಕಿರುಗುಟ್ಟುತ್ತಿತ್ತು. ನಾಲ್ಕು ಹೆಜ್ಜೆಗೊಮ್ಮೆ ನಿಂತಳು. ಅವನು ಚೀಲ ಕಸಿದುಕೊಂಡ, ಆಮೇಲೆ ಕೈ ಕೊಟ್ಟ. ಬಂಡೆಯ ಮೇಲೆ ಕೂತಾಗ ಅವಳಿಗೆ ಉಸಿರಾಡುವುದೇ ಕಷ್ಟವಾಗಿತ್ತು. ಕೆಳಗೆ ಊರು ಕಂದು ಹೊಗೆಯಲ್ಲಿ ಅದ್ದಿಹೋಗಿತ್ತು. ಆ ಹೊಗೆಯಲ್ಲೆಲ್ಲೋ ಅವರ ತಾರಸಿ.

ಎದುರಿನ ಬೆಟ್ಟವನ್ನು ಮೋಡ ನುಂಗಿತ್ತು. ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ಮೋಡ ಒಂದು ಕಡೆ ಹರಿದು ಒಂದು ಕೋಡು ಹೊರಬಂತು, ಅದರ ಮೇಲೆ ಬೆಳಕು ಬಿತ್ತು. ಅವಳು ತಾರಸಿಯಿಂದ ನೋಡುತ್ತಿದ್ದ ಕೆಂಪು ಇದಲ್ಲ. ಇದು ತೆಳ್ಳಗೆ, ಆಗಷ್ಟೇ ಅತ್ತ ಮಗುವಿನ ಕಿವಿಯಂತೆ. ಬೆಳಕು ಮುಂದಿನ ಕೋಡಿಗೆ ದಾಟಿತು. ಬಿಟ್ಟುಹೋದ ಕಡೆ ನೆರಳು ತುಂಬಿತು. ಅವಳು ಆ ನೆರಳನ್ನು ನೋಡಿದಳು. ಕಣ್ಣುಜ್ಜಿಕೊಂಡು ಮತ್ತೆ ನೋಡಿದಳು. ಬಂಡೆಯ ಸಂದುಗಳಲ್ಲಿ, ಕೊರಕಲುಗಳಲ್ಲಿ, ಮೋಡದ ಹೊಟ್ಟೆಯ ಕೆಳಗೆ, ಎಲ್ಲ ಕಡೆ ತೆಳುವಾಗಿ, ಹಾಲಿಗೆ ಒಂದು ತೊಟ್ಟು ಶಾಯಿ ಬಿದ್ದಂತೆ.

"ರೀ, ನೀಲಿ ಇದೆ."

ಅವಳು ಅವನ ತೋಳು ಹಿಡಿದು ಅಲುಗಿಸಿದಳು.

"ಇದೆ ಕಣ್ರೀ. ಕೆಳಗಿಂದ ಕಾಣ್ತಿರ್ಲಿಲ್ಲ. ಆ ಹೊಗೆಯಲ್ಲಿ ಕಾಣ್ತಿರ್ಲಿಲ್ಲ. ನಾನು ಎಲ್ಲಾನೂ ಅಳಿಸಿಬಿಟ್ಟೆ."

ಮೋಡಣ್ಣ ಬಲಗಣ್ಣಿಂದ ಬೆಟ್ಟ ನೋಡುತ್ತಿದ್ದ. ಮುಖದಲ್ಲಿ ಸಂತೋಷವೂ ಇರಲಿಲ್ಲ, ಸಿಟ್ಟೂ ಇರಲಿಲ್ಲ. "ಇಷ್ಟೇ ಇದ್ದಿದ್ದು. ನಾನು ಹತ್ತು ಪಟ್ಟು ಮಾಡ್ದೆ. ನೀನು ಒಂದೂ ಉಳಿಸ್ಲಿಲ್ಲ" ಎಂದ. ಬೆಟ್ಟದಿಂದ ಕಣ್ಣು ಕೀಳದೆಯೇ, "ಅಷ್ಟು ವರ್ಷ ಇದನ್ನ ಯಾರೂ ನೋಡ್ಲಿಲ್ಲ ನೋಡು. ಇಲ್ಲಿದ್ದೋನಿಗೆ ಕಣ್ಣಿರ್ಲಿಲ್ಲ, ಕಣ್ಣಿದ್ದೋಳು ನೀನು ಅಲ್ಲಿದ್ದೆ" ಎಂದ.

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ತೆಗೀರಿ, ಹೋಗಿಬಿಡುತ್ತೆ."

ಅವನು ಕ್ಯಾಮೆರಾ ಹೊರತೆಗೆದ, ಸ್ಟ್ಯಾಂಡಿಗೆ ಕೂರಿಸಿದ, ಬಗ್ಗಿ ನೋಡಿದ. ಬೆರಳು ಗುಂಡಿಯ ಮೇಲೆಯೇ ಇತ್ತು. ಬೆಳಕು ಕೊನೆಯ ಕೋಡನ್ನು ಹತ್ತಿ, ತುದಿಯಲ್ಲಿ ಕ್ಷಣ ನಿಂತು, ಹೋಯಿತು. ಅವನು ಒತ್ತಿದನೋ ಇಲ್ಲವೋ ಅವಳು ಕೇಳಲಿಲ್ಲ. ಮೋಡ ಕೂಡಿಕೊಂಡು ಬೆಟ್ಟ ಮುಚ್ಚಿಹೋಯಿತು. ಮಳೆ ಹನಿ ಶುರುವಾಗಿ, ಕಾಲುದಾರಿಯಲ್ಲಿ ಒಬ್ಬರನ್ನೊಬ್ಬರು ಹಿಡಿದುಕೊಂಡು ಜಾರುತ್ತ ಇಳಿದರು.

ಆಮೇಲೆ ಪ್ರೆಸ್ಸಿನವನು ಬೇರೆ ದೇಶದ ಹಿಮದ ಬೆಟ್ಟಗಳ ಚಿತ್ರ ತರಿಸಿ ಕ್ಯಾಲೆಂಡರ್ ಮಾಡತೊಡಗಿದ. ಗಿರಾಕಿಗಳಿಗೆ ಅದೂ ಹಿಡಿಸಿತು. ಮೋಡಣ್ಣನ ಎಡಗಣ್ಣು ಹಾಗೇ ಉಳಿದು, ಪೊರೆ ಬಲಿತು, ಕೊನೆಗೆ ಬೆಳಕು ಕತ್ತಲೆಯಷ್ಟೇ ಗೊತ್ತಾಗುವಂತಾಯಿತು. ಹೆಂಡತಿ ಹೇಳಿ ಹೇಳಿ ಸೋತಳು, ಮಗಳು ಬೈದು ಸೋತಳು. ಒಂದೇ ಕಣ್ಣಿಗೆ ದೂರ ಹತ್ತಿರದ ಅಂದಾಜು ಸಿಗದೆ ಅವನು ಮದುವೆಗಳನ್ನೂ ಬಿಟ್ಟ. ಸ್ಟೂಲಿನ ಮೇಲೆ ಕೂತವರ ಗದ್ದ ಮೇಲೆತ್ತಿಸಿ, ಭುಜ ನೇರಮಾಡಿಸಿ, ಪಾಸ್‌ಪೋರ್ಟ್ ಫೋಟೋ ತೆಗೆಯುವುದಷ್ಟೇ ಉಳಿಯಿತು. ಹಳಬರು ಯಾರಾದರೂ, "ಏನು ಮೋಡಣ್ಣಾ, ಬೆಟ್ಟ ಬಿಟ್ಟೇಬಿಟ್ರಾ?" ಎಂದು ಕೇಳಿದರೆ, "ಕಾಲು ನೋವಪ್ಪಾ, ಹತ್ತೋಕಾಗಲ್ಲ" ಎನ್ನುತ್ತಾನೆ. ಅವನ ಕಾಲಿಗೆ ಏನೂ ಆಗಿಲ್ಲ. ಮೂಲೆಯಲ್ಲಿ ಕಂಪ್ಯೂಟರಿನ ಮುಂದೆ ಕೂತ ಹೆಂಡತಿಗೆ ಅದು ಕೇಳಿಸುತ್ತದೆ. ಅವಳು ತಲೆ ಎತ್ತದೆ, ಯಾರದೋ ಮುಖದ ಹಿಂದಿನ ಗೋಡೆಯನ್ನು ಬಿಳಿ ಮಾಡುತ್ತಿರುತ್ತಾಳೆ.